ಟವಲಿನ ಕೆಳಗಿನ ಬೆಲೆ

ಗಿಟಾರು ಬಾರಿಸಲು ನನಗೆ ಬರುವುದಿಲ್ಲ. ಕಲಿಯಬೇಕೆಂಬ ಆಸೆಯೂ ಹುಟ್ಟಲಿಲ್ಲ. ಆದರೆ ಹಳೆಯ ಗಿಟಾರೊಂದನ್ನು ಕೈಗೆ ಕೊಡಿ, ಅದು ಎಷ್ಟು ಬಾಳುತ್ತದೆ, ಎಲ್ಲಿಂದ ಮೊದಲು ಕೆಡುತ್ತದೆ, ಎಷ್ಟಕ್ಕೆ ಹೋಗುತ್ತದೆ ಎಂದು ಹೇಳುತ್ತೇನೆ. ಇಷ್ಟನ್ನು ಕಲಿಯಲು ಸೋದರಮಾವನ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿದೆ. ಸಂಬಳದ ಬದಲು ಒಂದು ಮಾತಿತ್ತು. ಆ ಮಾತು ಏನಾಯಿತು ಎಂದು ಹೇಳಬೇಕು. ಬಣ್ಣ ಹಚ್ಚಿ ಹೇಳುವುದು ನನಗೆ ಆಗದು. ನಾನು ನಾಲ್ಕನೆಯ ತರಗತಿಗೇ ಸ್ಲೇಟು ಬಿಸಾಕಿದವನು.

ಮಾವನ ಅಂಗಡಿ ಕೋಲಾರದ ಪೇಟೆ ಬೀದಿಯಲ್ಲಿತ್ತು. ಹಳೇ ಸಾಮಾನಿನ ಅಂಗಡಿ. ಮುರಿದ ಕುರ್ಚಿ, ತೂತು ಬಿದ್ದ ಬಾಯ್ಲರು, ಗಾಜಿಲ್ಲದ ಲಾಟೀನು. ಅದಕ್ಕೂ ಮುಂಚೆ ಅವನು ದನದ ದಲ್ಲಾಳಿ. ಶ್ರೀನಿವಾಸಪುರ ದಾಟಿ ಗೌನಿಪಲ್ಲಿ ಕಡೆಯವನು. ಮಾತು ಕನ್ನಡದಲ್ಲಿ ಶುರುವಾಗುತ್ತಿತ್ತು, ಸಿಟ್ಟು ಬಂದ ಜಾಗದಲ್ಲಿ ತೆಲುಗಿಗೆ ಹೊರಳುತ್ತಿತ್ತು. ಅವನ ತಂಗಿಯನ್ನು, ಅಂದರೆ ನನ್ನ ಅಮ್ಮನನ್ನು, ಮುಳಬಾಗಿಲಿಗೆ ಕೊಟ್ಟಿದ್ದರು. ಅಪ್ಪ ಸತ್ತ ಮೇಲೆ ಅಮ್ಮ ಅಲ್ಲೇ ಸೊಪ್ಪು ಮಾರಿಕೊಂಡು ಇದ್ದಳು.

ದಲ್ಲಾಳಿ ಕೆಲಸ ಬಿಟ್ಟರೂ ಮಾವ ಟವಲು ಬಿಟ್ಟಿರಲಿಲ್ಲ. ದನದ ಸಂತೆಯಲ್ಲಿ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನ ಕೈಯ ಮೇಲೆ ಟವಲು ಹಾಕಿ, ಒಳಗೆ ಬೆರಳು ಹಿಡಿದು ಲೆಕ್ಕ ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ಅದು ಹತ್ತೋ ನೂರೋ ಎಂಬುದು ಎದುರಿನ ಎತ್ತನ್ನು ನೋಡಿದರೆ ಗೊತ್ತಾಗುತ್ತದೆ. ಕೊನೆಗೆ ಪೂರ್ತಿ ಕೈಯನ್ನು ಹಿಡಿದು ಒತ್ತಿದರೆ ವ್ಯಾಪಾರ ಕುದುರಿತು ಎಂದು. ಸುತ್ತ ನಿಂತವರಿಗೆ ಇಬ್ಬರ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಮಾವ ಕುರ್ಚಿ ಮಾರುವಾಗಲೂ ಹೀಗೇ ಮಾಡುತ್ತಿದ್ದ. ಒಂದು ಸಲ ಚೊಂಬು ಕೊಳ್ಳಲು ಬಂದ ಮುದುಕಿಯ ಕೈಗೂ ಟವಲು ಹಾಕಲು ಹೋಗಿ ಬೈಸಿಕೊಂಡ.

ಅಮ್ಮ ನನ್ನನ್ನು ಅಂಗಡಿಗೆ ಬಿಡಲು ಬಂದ ದಿನ ಜಗುಲಿಯ ಮೇಲೆ ಕೂತು ನೇರವಾಗಿ ಕೇಳಿದಳು.

"ಅಣ್ಣಾ, ಇವನ್ನ ಬಿಟ್ಟೋಗ್ತೀನಿ. ಏನಂತ ಬಿಟ್ಟೋಗ್ಲಿ? ಆಳು ಅಂತಾನಾ, ಅಳಿಯ ಅಂತಾನಾ?"

ಮಾವನಿಗೆ ಇದ್ದದ್ದು ಒಬ್ಬಳೇ ಮಗಳು, ಗಂಡುಮಕ್ಕಳಿಲ್ಲ. ನಮ್ಮ ಕಡೆ ಅಂಥವರು ತಂಗಿಯ ಮಗನನ್ನು ಮನೆ ಅಳಿಯನಾಗಿ ಇಟ್ಟುಕೊಳ್ಳುತ್ತಾರೆ. ಅವನು ಕೂಲಿ ಕೇಳದೆ ದುಡಿಯುತ್ತಾನೆ, ಮುಂದೆ ಹುಡುಗಿಯೂ ಅವನಿಗೆ, ಆಸ್ತಿಯೂ ಅವನಿಗೆ. ಅಮ್ಮ ಕೇಳಿದ್ದು ಇದನ್ನೇ.

ಮಾವ ನಕ್ಕ. "ಒಳ್ಳೇದನ್ನ ಬೀದೀಲಿ ಕೂಗಬಾರದು ಕಣಮ್ಮಾ. ಕಣ್ಣು ಬೀಳ್ತದೆ."

ಹೆಗಲಿನ ಟವಲು ತೆಗೆದು ನನ್ನ ಬಲಗೈಯ ಮೇಲೆ ಹಾಕಿದ. ಒಳಗೆ ಕೈ ತೂರಿಸಿ ನನ್ನ ಕೈಯನ್ನು ಪೂರ್ತಿ ಹಿಡಿದು ಗಟ್ಟಿಯಾಗಿ ಒತ್ತಿದ.

"ತಿಳೀತೇನ್ಲಾ?"

"ತಿಳೀತು ಮಾವ."

"ಏನಂದ?" ಎಂದಳು ಅಮ್ಮ.

"ಒಪ್ಪಿದಾನೆ."

ಬಾಗಿಲ ಹಿಂದಿನಿಂದ ಅವನ ಮಗಳು ನಕ್ಕಳು. "ಅಪ್ಪಾ, ನನ್ ಹಲ್ಲು ತೋರ್ಸಿಯೇ ವ್ಯಾಪಾರ ಮಾಡಿದ್ಯಾ, ಇಲ್ಲ ಹಂಗೇ ಹೊಡ್ದುಬಿಟ್ಯಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಈಗ ಬಾಯಿ ಕಹಿಯಾಗುತ್ತದೆ.

ಗಿಟಾರುಗಳು ಬಂದದ್ದು ಯುದ್ಧದ ಕಾಲದಲ್ಲಿ. ಚಿನ್ನದ ಗಣಿಯ ಬಂಗಲೆಗಳಿಂದ ಮಾವ ಹಳೇ ಸಾಮಾನು ಕೊಳ್ಳುತ್ತಿದ್ದ. ಅಲ್ಲಿನ ದೊರೆಗಳ ಹುಡುಗರು, ಆಂಗ್ಲೋ-ಇಂಡಿಯನ್ ಹುಡುಗರು ಪಟಾಲಮ್ಮು ಸೇರಿ ಹೊರಟುಹೋದರು. ಅವರ ಗಿಟಾರುಗಳು ಗೋಡೆಗೆ ನೇತಾಡಿಕೊಂಡು ಉಳಿದವು. ಅತ್ತ ಬೆಂಗಳೂರಿನ ದಂಡಿನ ತುಂಬ ಸಿಪಾಯಿಗಳು. ಸಂಜೆಯಾದರೆ ಅವರಿಗೆ ಹಾಡು ಬೇಕು, ಹಾಡಿಗೆ ಗಿಟಾರು ಬೇಕು, ಹೊಸದು ಹಡಗಿನಲ್ಲಿ ಬರುವುದು ನಿಂತಿತ್ತು. ದಂಡಿನಲ್ಲಿ ಹಳೇ ವಾದ್ಯಗಳ ಅಂಗಡಿ ಇಟ್ಟಿದ್ದ ಒಬ್ಬ ಸಾಹೇಬರು ಮಾವನಿಗೆ ಹೇಳಿ ಕಳಿಸಿದರು: ಎಷ್ಟು ಸಿಕ್ಕರೂ ತಾ.

ಮಾವನಿಗೆ ಅದರ ಹೆಸರು ಬಾಯಿಗೆ ಬರುತ್ತಿರಲಿಲ್ಲ. 'ದೊರೆ ತಂಬೂರಿ' ಎನ್ನುತ್ತಿದ್ದ. ಬೆಲೆ ಕಟ್ಟುವುದು ಮಾತ್ರ ಹಸುವಿಗೆ ಕಟ್ಟಿದ ಹಾಗೆಯೇ. ಮೊದಲು ಒಂದು ಸುತ್ತು ಬಂದು ದೂರದಿಂದ ನೋಡುತ್ತಿದ್ದ. ಬೆನ್ನಿನ ಮೇಲೆ ತಟ್ಟುತ್ತಿದ್ದ. ಹೊಟ್ಟೆಯ ತೂತಿನೊಳಗೆ ಕಣ್ಣಿಟ್ಟು, ಬಾಯಿ ತೆರೆಸಿದ ಹಸುವಿನ ಹಲ್ಲು ನೋಡಿದಂತೆ ನೋಡುತ್ತಿದ್ದ. ನಾನು ಬೇರೆ ದಾರಿ ಹಿಡಿದೆ. ಕತ್ತಿನ ಉದ್ದಕ್ಕೆ ಒಂದು ಕಣ್ಣು ಮುಚ್ಚಿ ನೋಡುವುದು. ನೆಟ್ಟಗಿದ್ದರೆ ಅರ್ಧ ಬೆಲೆ ಅಲ್ಲೇ ಬಂತು. ಹೊಟ್ಟೆಯ ಹಲಗೆ ತೆಳು, ಅಲ್ಲಿ ಕೂದಲೆಳೆಯ ಬಿರುಕಿದ್ದರೂ ಉಗುರಿಗೆ ಸಿಗುತ್ತದೆ. ತಂತಿ ಬಿಗಿಯುವ ಬಿರಡೆ ಜಾರಬಾರದು. ತಂತಿಗಳ ಬುಡ ಹಿಡಿದಿರುವ ಮರದ ಪಟ್ಟಿಗೆ ಕುದುರೆ ಎನ್ನುತ್ತಾರೆ. ಅದರ ಕೆಳಗೆ ಕಾಗದದ ಚೂರು ತೂರಿಸಿದರೆ ಹೋಗಬಾರದು. ಹೋದರೆ ಅಂಟು ಬಿಡುತ್ತಿದೆ ಎಂದು. ಈ ವಾದ್ಯಕ್ಕೆ ಎಲ್ಲೂ ಮೊಳೆ ಇಲ್ಲ, ಎಲ್ಲ ಮರವಜ್ರದ ಅಂಟೇ. ಅಂಟು ಬಿಟ್ಟರೆ ಎಲ್ಲ ಬಿಟ್ಟ ಹಾಗೆ.

ಮೊದಲನೆಯ ಗಿಟಾರು ದಂಡಿನಲ್ಲಿ ಹೋದ ಬೆಲೆಗೆ ಮಾವ ಎರಡು ದಿನ ಹಲ್ಲು ಬಿಟ್ಟುಕೊಂಡೇ ಓಡಾಡಿದ. ಆಮೇಲೆ ನಾವು ಗಾಡಿ ಕಟ್ಟಿಕೊಂಡು ಬಂಗಲೆ ಬಂಗಲೆ ತಿರುಗಿದೆವು.

ಒಂದು ಮನೆಯಲ್ಲಿ ಒಬ್ಬ ದೊರೆಸಾನಿ ಇದ್ದಳು. ವಯಸ್ಸಾದವಳು. ಮಗ ಬರ್ಮಾ ಕಡೆ ಹೋಗಿದ್ದ, ಇನ್ನು ಬರುವುದಿಲ್ಲವೆಂದು ಸುದ್ದಿ ಬಂದಿತ್ತು. ಅವಳ ಬಟ್ಲರು ಬಾಗಿಲಲ್ಲೇ ನಮಗೆ ಅದನ್ನು ಹೇಳಿ, "ಜಾಸ್ತಿ ಮಾತಾಡ್ಬೇಡಿ" ಎಂದ. ಅವಳು ಒಳಗಿನಿಂದ ಗಿಟಾರು ತಂದಳು. ಜೇನಿನ ಬಣ್ಣದ್ದು. ಕತ್ತು ಹಗ್ಗ ಎಳೆದಷ್ಟು ನೇರ. ನಾನು ಅಷ್ಟು ಒಳ್ಳೆಯದನ್ನು ಅದುವರೆಗೆ ಮುಟ್ಟಿರಲಿಲ್ಲ.

ಮಾವ ಒಂದು ಸುತ್ತು ಬಂದ, ತಟ್ಟಿದ, ತೂತಿನಲ್ಲಿ ಇಣುಕಿದ. ಆಮೇಲೆ ಟವಲು ತೆಗೆದು ಅವಳ ಕೈಯ ಮೇಲೆ ಹಾಕಿ ಒಳಗೆ ಕೈ ಇಟ್ಟ. ಅವಳು ಚೀರಿ ಹಿಂದೆ ಸರಿದಳು. ಬಟ್ಲರು ಓಡಿ ಬಂದ.

"ಏಯ್! ದೊರೆಸಾನಿ ಕೈ ಹಿಡೀತೀಯಾ? ಮಾನಗೆಟ್ಟೋನೇ!"

"ಬೆಲೆ ಹೇಳೋಕೆ ಸ್ವಾಮಿ, ಮದುವೆಗಲ್ಲ," ಎಂದ ಮಾವ.

ಬಟ್ಲರು ಅದನ್ನು ಇಂಗ್ಲಿಷಿನಲ್ಲಿ ಹೇಳಿದನೋ ಬಿಟ್ಟನೋ ತಿಳಿಯದು. ಅವಳು ಚೌಕಾಸಿಗೇ ಬರಲಿಲ್ಲ. ಮಾವ ಬೆರಳು ತೋರಿಸಿ ಹೇಳಿದ್ದಕ್ಕೆ ತಲೆ ಆಡಿಸಿದಳು. ಸೌದೆ ಹೊರೆಯ ಬೆಲೆ ಅದು. ಆದರೆ ಕೊಡುವ ಮುಂಚೆ ಗಿಟಾರನ್ನು ಮಡಿಲಲ್ಲಿ ಇಟ್ಟುಕೊಂಡು ಬಿರಡೆಗಳನ್ನು ಒಂದೊಂದಾಗಿ ತಿರುಗಿಸಿ ತಂತಿಗಳನ್ನೆಲ್ಲ ಸಡಿಲ ಬಿಟ್ಟಳು. ನನ್ನ ಕಡೆ ತಿರುಗಿ ಗಣಿಯವರ ಹರುಕು ಕನ್ನಡದಲ್ಲಿ ಹೇಳಿದಳು: "ದೂರ ಹೋಗೋದು. ಬಿಸಿಲು. ಬಿಗಿ ಇದ್ರೆ ಮುರೀತದೆ. ಸಡಿಲ. ನೀನು ಸಡಿಲ ಇಡು."

"ಇಡ್ತೀನಿ," ಎಂದೆ.

ಗಾಡಿ ತಿರುವು ದಾಟುತ್ತಲೇ ಮಾವ ಅದನ್ನು ಎತ್ತಿಕೊಂಡು ತಂತಿ ಮೀಟಿದ. ಬೊಳ್ ಎಂದಿತು. "ಥೂ, ಹಾಲು ಬತ್ತಿದ ಹಸು ಆಗೋಯ್ತಲ್ಲೋ ಇದು," ಎಂದು ಅಲ್ಲೇ ಬಿಗಿದ.

ಬೇಸಿಗೆಯ ಹೊತ್ತಿಗೆ ಹನ್ನೆರಡು ಗಿಟಾರು ಸೇರಿದವು. ಎಲ್ಲವನ್ನೂ ಒಂದೇ ಸಲ ದಂಡಿಗೆ ಕಳಿಸುವುದೆಂದಾಯಿತು. ಪೆಟ್ರೋಲು ಇಲ್ಲದೆ ಬಸ್ಸುಗಳೆಲ್ಲ ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು. ಬಸ್ಸಿನವರು ಗಿಟಾರಿನ ಪೆಟ್ಟಿಗೆ ಹತ್ತಿಸಲು ಒಪ್ಪಲಿಲ್ಲ. ಹಾಗಾಗಿ ಗಾಡಿಯಲ್ಲಿ ಮಾಲೂರಿಗೆ, ಅಲ್ಲಿಂದ ರೈಲಿಗೆ.

ಕಟ್ಟುವ ಕೆಲಸ ನನ್ನದು. ಮಾಲೂರಿನಲ್ಲಿ ಹೆಂಚು ತುಂಬುವುದನ್ನು ನೋಡಿದ್ದೆ. ಹೆಂಚನ್ನು ಮಲಗಿಸುವುದಿಲ್ಲ, ಅಂಚಿನ ಮೇಲೆ ನಿಲ್ಲಿಸಿ ಮಧ್ಯೆ ಹುಲ್ಲು ತುರುಕುತ್ತಾರೆ. ಮಲಗಿಸಿದ್ದು ಒಡೆಯುತ್ತದೆ, ನಿಲ್ಲಿಸಿದ್ದು ಉಳಿಯುತ್ತದೆ. ಗಿಟಾರುಗಳನ್ನೂ ಹಾಗೇ ಪಕ್ಕೆಯ ಮೇಲೆ ನಿಲ್ಲಿಸಿದೆ. ಕತ್ತಿನ ಕೆಳಗೆ ಹಳೇ ಗೋಣಿಯ ಸುರುಳಿ, ಸುತ್ತ ಒಣಗಿದ ಭತ್ತದ ಹುಲ್ಲು. ಹಸಿ ಹುಲ್ಲು ಕಾವು ಹಿಡಿಯುತ್ತದೆ. ಮಾವಿನಕಾಯಿ ಹಣ್ಣು ಮಾಡಲು ಅದು ಸರಿ, ಮರಕ್ಕಲ್ಲ. ಇಷ್ಟಕ್ಕೆ ಮಾವ ಅಡ್ಡಿ ಮಾಡಲಿಲ್ಲ. ತಕರಾರು ಬಂದದ್ದು ತಂತಿಯ ವಿಷಯಕ್ಕೆ.

ಅವನು ಪ್ರತಿಯೊಂದಕ್ಕೂ ಹೊಸ ಉಕ್ಕಿನ ತಂತಿ ಹಾಕಿಸಿದ್ದ. ಕೊಂಬಿಗೆ ಸವರಿದ ಹಾಗೆ ಮೈಗೆಲ್ಲ ಕೊಬ್ಬರಿ ಎಣ್ಣೆ ಸವರಿ ಫಳಫಳ ಮಾಡಿದ್ದ. ಒಂದೊಂದನ್ನೂ ಟಣ್ ಅನ್ನುವ ತನಕ ಬಿಗಿದು ನನ್ನ ಕೈಗೆ ಕೊಡುತ್ತಿದ್ದ.

"ಮಾವ, ತಂತಿ ಸಡಿಲ ಬಿಡೋಣ."

"ಯಾಕ್ಲಾ?"

"ಬಿಸಿಲಿಗೆ ಕತ್ತು ಎಳ್ಕೊಂಡ್ಬಿಡ್ತದೆ. ಆ ದೊರೆಸಾನಿ ಹೇಳಿದ್ಲಲ್ಲ."

"ದೊರೆಸಾನಿ ಎಷ್ಟು ಹಸು ಮಾರವಳೆ?" ಎಂದ ಮಾವ. "ಸಂತೆಗೆ ಹೊಡ್ಕೊಂಡೋಗೋ ಹಸೂನ ಆವತ್ತು ಬೆಳಿಗ್ಗೆ ಯಾವನಾದ್ರೂ ಕರೀತಾನೇನೋ? ಕೆಚ್ಚಲು ಬಿಗಿದು ನಿಂತಿರ್ಬೇಕು. ಕೊಳ್ಳೋನು ನೋಡ್ತಿದ್ದಂಗೇ ಬಾಯಲ್ಲಿ ನೀರು ಬರ್ಬೇಕು. ಇಲ್ಲೂ ಅಷ್ಟೇ. ಮುಚ್ಚಳ ತೆಗೀತಿದ್ದಂಗೆ ಸಾಹೇಬ್ರು ಬೆರಳಿಟ್ರೆ ಟಣ್ ಅನ್ಬೇಕು. ಬೊಳ್ ಅಂದ್ರೆ ಅರ್ಧಕ್ಕೆ ಕೇಳ್ತಾರೆ."

"ಹಸು ಒಂದೊತ್ತು ತಡ್ಕೊಳ್ತದೆ ಮಾವ. ಇದು ಅಂಟಿಸಿದ ಮರ."

ಅವನ ದನಿ ಏರಿತು. "ಒರೇಯ್, ನಾಕು ಅಕ್ಷರ ಕಲ್ತೋನು ನನಗೆ ವ್ಯಾಪಾರ ಹೇಳ್ಕೊಡ್ತೀಯಾ?" ಆಮೇಲೆ ಏನನ್ನಿಸಿತೋ, ದನಿ ಇಳಿಸಿದ. ನನ್ನ ಹೆಗಲ ಮೇಲೆ ಕೈ ಹಾಕಿದ. "ನಾಳೆ ಈ ಅಂಗಡಿ ಯಾರದ್ಲಾ? ಆವಾಗ ನಿನ್ ಬುದ್ಧಿ ಓಡ್ಸು. ಈಗ ಬಿಗೀ."

ನನಗೆ ಬೇಕಾದ್ದನ್ನು ಅವನು ಬಾಯಲ್ಲಿ ಹೇಳಿದ್ದು ಅದೊಂದೇ ಸಲ. ಅದೂ ಇಬ್ಬರೇ ಇದ್ದಾಗ. ಅಂಗಡಿ ನನ್ನದಾಗುತ್ತದೆ, ಹುಡುಗಿ ನನ್ನವಳಾಗುತ್ತಾಳೆ, ಅಮ್ಮ ಸೊಪ್ಪಿನ ಬುಟ್ಟಿ ಇಳಿಸುತ್ತಾಳೆ. ಇದಕ್ಕಾಗಿ ಈ ಗಿಟಾರುಗಳ ಕತ್ತು ಬಗ್ಗಿದರೆ ಬಗ್ಗಲಿ ಎನ್ನಿಸಿತು. ಬಿಗಿದೆ. ಅವನು ಹೇಳಿದ ಹಾಗೆಯೇ ಒಂದೊಂದನ್ನೂ ಮೀಟಿ ಅವನಿಗೆ ಕೇಳಿಸಿ ಮುಚ್ಚಳ ಹೊಡೆದೆ.

ಕೊನೆಗೆ ಉಳಿದದ್ದು ದೊರೆಸಾನಿಯ ಗಿಟಾರು. ಆ ಹೊತ್ತಿಗೆ ಅತ್ತೆ ಒಳಗಿನಿಂದ ಮುದ್ದೆ ಆರಿಹೋಗುತ್ತದೆ ಎಂದು ಕೂಗಿದಳು. ಮಾವ ಎದ್ದು ಹೋದ. ನಾನು ಅದರ ಬಿರಡೆ ತಿರುಗಿಸಿ ಎಲ್ಲ ತಂತಿಯನ್ನೂ ಸಡಿಲ ಮಾಡಿ, ಹುಲ್ಲು ಮುಚ್ಚಿ ಮೊಳೆ ಹೊಡೆದುಬಿಟ್ಟೆ. ದೊಡ್ಡತನವೇನಲ್ಲ. ಆ ಹೆಂಗಸಿಗೆ 'ಇಡ್ತೀನಿ' ಎಂದಿದ್ದೆ, ಅಷ್ಟೇ.

ಮಾಲೂರಿನಲ್ಲಿ ಪೆಟ್ಟಿಗೆಗಳು ಸಿಕ್ಕಿಬಿದ್ದವು. ರೈಲಿನ ತುಂಬ ಮಿಲಿಟರಿ ಸಾಮಾನು. ಅದು ಹೋದ ಮೇಲೆ ನಮ್ಮದು. ನಮ್ಮ ಪೆಟ್ಟಿಗೆಗಳನ್ನು ತಗಡಿನ ಶೆಡ್ಡಿಗೆ ತಳ್ಳಿದರು. ಬೇಸಿಗೆ ತಗಡು, ಒಳಗೆ ನಿಂತರೆ ತಲೆಯ ಮೇಲೆ ಕೆಂಡದ ಬಾಣಲೆ ಇಟ್ಟ ಹಾಗೆ. ನಾನು ಗೋಣಿಚೀಲ ನೆನೆಸಿ ಪೆಟ್ಟಿಗೆಗಳ ಮೇಲೆ ಹೊದಿಸಿದೆ. ಶೆಡ್ಡಿನವನು ಬಂದು, "ಏನಯ್ಯಾ, ಇದೇನು ಬಾಣಂತಿ ಕೋಣೇನಾ?" ಎಂದು ಎಲ್ಲ ಕಿತ್ತು ಬಿಸಾಕಿದ. ನೀರು ನೆಲಕ್ಕೆ ಬಿದ್ದರೆ ಪಕ್ಕದ ಮೂಟೆ ಕೆಡುತ್ತದಂತೆ.

ಎರಡನೆಯ ದಿನ ಮಧ್ಯಾಹ್ನ ಪೆಟ್ಟಿಗೆಯೊಳಗೆ ಟಪ್ ಎಂದು ಸದ್ದಾಯಿತು. ಇಲಿ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಪೆಟ್ಟಿಗೆಯಲ್ಲಿ ಟಪ್. ಆಮೇಲೆ ಸಣ್ಣಗೆ ಒಂದು ಕಿರ್ರ್ ಸದ್ದು, ಒಣಮರ ಬಾಗುವಾಗ ಆಗುವಂಥದ್ದು. ನನಗೆ ಅರ್ಥವಾಯಿತು. ಮುಚ್ಚಳ ತೆಗೆಯಲು ಚಾಣ ಹಿಡಿದು ಹೋದೆ. ಮುದ್ರೆ ಬಿದ್ದ ಮಾಲು ಬಿಚ್ಚಿದರೆ ಪೊಲೀಸರಿಗೆ ಕೊಡುತ್ತೇನೆಂದ ಶೆಡ್ಡಿನವನು. ಗೋಡೆಗೆ ಒರಗಿ ಕೂತೆ. ರೈಲು ಸಿಗುವ ತನಕ ಆ ಸದ್ದು ಕೇಳುತ್ತ ಕೂತದ್ದೇ ನನ್ನ ಕೆಲಸ.

ದಂಡಿನ ಅಂಗಡಿಯಲ್ಲಿ ಸಾಹೇಬರೇ ನಿಂತು ಒಂದೊಂದು ಪೆಟ್ಟಿಗೆ ಬಿಚ್ಚಿಸಿದರು. ಹುಲ್ಲಿನೊಳಗೆ ಒಂದು ಗೀರೂ ಬಿದ್ದಿರಲಿಲ್ಲ. ಹೆಂಚಿನವರ ವಿದ್ಯೆ ಸುಳ್ಳಾಗಲಿಲ್ಲ. ಆದರೆ ಕತ್ತುಗಳೆಲ್ಲ ಮುಂದಕ್ಕೆ ಬಾಗಿದ್ದವು. ಕೆಲವದರ ಕುದುರೆ ಹೊಟ್ಟೆಯ ಹಲಗೆಯ ಸಿಬಿರು ಸಮೇತ ಕಿತ್ತು ಬಂದು ತಂತಿಯಲ್ಲಿ ನೇತಾಡುತ್ತಿತ್ತು. ಒಂದರ ಹೊಟ್ಟೆ ಉಬ್ಬಿ ಸೀಳಿತ್ತು. ಎಣ್ಣೆ ಹಲಗೆಯೊಳಗೆ ಇಳಿದು ಮಚ್ಚೆ ಮಚ್ಚೆಯಾಗಿತ್ತು.

"ಯಾ ಅಲ್ಲಾ," ಎಂದರು ಸಾಹೇಬರು. "ಏನಪ್ಪಾ ಇದು? ನಾನು ಗಿಟಾರ್ ಕೇಳಿದ್ನೋ, ಬಿಲ್ಲು ಬಾಣ ಕೇಳಿದ್ನೋ?"

ಕೊನೆಯ ಪೆಟ್ಟಿಗೆಯಿಂದ ದೊರೆಸಾನಿಯ ಗಿಟಾರು ಬಂತು. ತೂಗಿ ನೋಡಿದರು, ಕತ್ತಿನ ಉದ್ದಕ್ಕೆ ಕಣ್ಣಿಟ್ಟರು, ಸ್ಟೂಲಿನ ಮೇಲೆ ಕೂತು ಬಿರಡೆ ತಿರುಗಿಸಿ ಶ್ರುತಿ ಮಾಡಿದರು. ಒಂದು ಸಲ ಮೀಟಿದರು. ನನಗೆ ಸಂಗೀತ ತಿಳಿಯದು, ಆದರೂ ಅದು ಸರಿಯಾದ ಸದ್ದು ಎಂದು ಗೊತ್ತಾಯಿತು.

"ಇದನ್ನ ಯಾರು ಕಟ್ಟಿದ್ದು?"

"ನಾನೇ."

"ಮಿಕ್ಕಿದ್ದು?"

"ನಾನೇ."

"ಅಜೀಬ್ ಆದ್ಮಿ, ವಿಚಿತ್ರ ಮನುಷ್ಯ ನೀನು," ಎಂದರು ಸಾಹೇಬರು. ಅದೊಂದನ್ನು ಒಳ್ಳೆಯ ಬೆಲೆಗೆ ಇಟ್ಟುಕೊಂಡು ಮಿಕ್ಕಿದ್ದನ್ನು ವಾಪಸು ಕೊಟ್ಟರು.

ಕೋಲಾರಕ್ಕೆ ಬರುವಾಗ ದಾರಿಯುದ್ದಕ್ಕೂ ನಾನು ಒಂದೇ ಯೋಚನೆ ಮಾಡಿದೆ: ಆ ಒಂದು ಉಳಿಯಿತಲ್ಲ, ಈಗಲಾದರೂ ಮಾವನಿಗೆ ತಿಳಿಯುತ್ತದೆ. ನಾನು ಹೇಳಿದ್ದು ಸರಿ ಎಂದು ಒಪ್ಪುತ್ತಾನೆ. ಬೈಯುತ್ತಾನೆ, ಆಮೇಲೆ ಒಪ್ಪುತ್ತಾನೆ. ಅಷ್ಟು ದಡ್ಡ ನಾನು.

ಬಾಗಿದ ಗಿಟಾರುಗಳನ್ನು ಜಗುಲಿಯ ಮೇಲೆ ಇಳಿಸಿದಾಗ ಮಾವನ ಮುಖ ಬಿಳಿಚಿತು.

"ಎಲ್ಲಾ ಹಿಂಗೇನಾ?"

"ಒಂದು ಉಳೀತು ಮಾವ. ದೊರೆಸಾನೀದು. ಒಳ್ಳೆ ಬೆಲೆ ಬಂತು."

"ಅದ್ಯಾಕೆ ಉಳೀತು?"

"ಅದರ ತಂತಿ ಸಡಿಲ ಮಾಡಿದ್ದೆ. ನೀನು ಊಟಕ್ಕೆ ಹೋದಾಗ."

ದಲ್ಲಾಳಿಯ ಕಣ್ಣು ಅದು, ನನ್ನನ್ನು ಒಂದು ಸುತ್ತು ನೋಡಿತು. ಆಮೇಲೆ ಬೀದಿಗೆ ಕೇಳುವ ಹಾಗೆ ಕೂಗಿದ.

"ನೋಡ್ರಪ್ಪಾ, ನೋಡಿ ಬನ್ನಿ! ಒಂದನ್ನ ಸಡಿಲ ಮಾಡವನೆ, ಅದು ಉಳ್ದಿದೆ. ಅಂದ್ರೆ ಇವನಿಗೆ ಗೊತ್ತಿತ್ತು! ಗೊತ್ತಿದ್ದೂ ಮಿಕ್ಕಿದ್ದನ್ನೆಲ್ಲ ಬಿಗಿದು ಹಾಳ್ ಮಾಡವನೆ! ನನ್ ಉಪ್ಪು ತಿಂದು ನನ್ ಕತ್ತು ಮುರಿದವನೆ!"

"ನೀನೇ ಬಿಗಿ ಅಂದೆ ಮಾವ."

"ಯಾರ ಮುಂದೆ ಅಂದೆ?"

ಜನ ಸೇರಿದ್ದರು. ಹೂವಿನವಳು, ಎದುರಿನ ದರ್ಜಿ, ಸೋಡಾ ಅಂಗಡಿಯವನು. ಯಾರ ಮುಂದೆಯೂ ಅಂದಿರಲಿಲ್ಲ. ಉಳಿದ ಗಿಟಾರು ನನ್ನ ಕಡೆಯ ಸಾಕ್ಷಿ ಎಂದು ನಾನು ತಿಳಿದಿದ್ದೆ. ಅದೇ ನನ್ನ ಮೇಲೆ ಸಾಕ್ಷಿ ಹೇಳಿತು. ಹನ್ನೆರಡೂ ಮುರಿದಿದ್ದರೆ ನಾನು ದಡ್ಡ ಅನ್ನಿಸಿಕೊಂಡು ಉಳಿಯುತ್ತಿದ್ದೆ. ಒಂದು ಉಳಿದದ್ದಕ್ಕೆ ದ್ರೋಹಿಯಾದೆ. ದರ್ಜಿ ತಲೆ ಆಡಿಸುತ್ತ, "ಹೌದಲ್ವೇ, ಗೊತ್ತಿದ್ದೋನು ಹಂಗ್ ಮಾಡಬಾರ್ದಾಗಿತ್ತು," ಎಂದ. ಆ ದರ್ಜಿಗೆ ನಾನು ಎಷ್ಟು ಸಲ ನೀರು ಸೇದಿ ಕೊಟ್ಟಿದ್ದೆನೋ.

ಅಮ್ಮನಿಗೆ ಸುದ್ದಿ ಮುಟ್ಟಿತು. ಸೊಪ್ಪಿನ ಬುಟ್ಟಿಯನ್ನು ಪಕ್ಕದ ಮನೆಯಲ್ಲಿಟ್ಟು ಕೋಲಾರಕ್ಕೆ ಬಂದಳು.

"ಅಣ್ಣಾ, ತಂಬೂರಿ ವಿಷ್ಯ ನಿಂಗೆ ಅವನಿಗೆ ಬಿಟ್ಟಿದ್ದು. ನಾನು ಬಂದಿದ್ದು ಹುಡ್ಗಿ ವಿಷ್ಯಕ್ಕೆ. ನೀನು ಮಾತು ಕೊಟ್ಟಿದ್ದೆ."

"ಯಾವ ಮಾತು?"

"ಇದೇ ಜಗುಲಿ ಮೇಲೆ ಕೈ ಒತ್ತಿದ್ಯಲ್ಲ!"

ಮಾವ ವೀಳ್ಯದೆಲೆಯ ತೊಟ್ಟು ಮುರಿಯುತ್ತ ನಿಧಾನಕ್ಕೆ ಹೇಳಿದ. "ಕೈ ಒತ್ತಿದೆ. ಇಲ್ಲ ಅನ್ನಲ್ಲ. ಸಂಚಕಾರ ಅಂತ ಮುಂಗಡ ಕಾಸು ಕೊಟ್ಟೆನಾ? ತಾಂಬೂಲ ಬದಲಾಯಿಸ್ದೆನಾ? ಸಂತೇಲಿ ಕೈ ಒತ್ತಿದ ಮೇಲೂ ಸಂಚಕಾರ ಬೀಳೋ ತನಕ ಹಗ್ಗ ಮಾರೋನ ಕೈಯಲ್ಲೇ ಇರ್ತದೆ. ಬೇಕಾದ್ರೆ ಇನ್ನೊಬ್ಬನ ಹತ್ರ ಹೊಡ್ಕೊಂಡೋಗ್ತಾನೆ. ನಿಂಗೆ ಗೊತ್ತಿಲ್ವಾ, ನಮ್ಮಪ್ಪನೂ ದಲ್ಲಾಳಿನೇ."

ಅಮ್ಮನಿಗೆ ಗೊತ್ತಿತ್ತು. ನನಗೂ ಗೊತ್ತಿರಬೇಕಿತ್ತು. ಅವನು ಸಂತೆಯ ನ್ಯಾಯ ಹೇಳುತ್ತಿದ್ದ, ಅದರಲ್ಲಿ ತಪ್ಪೇನೂ ಇರಲಿಲ್ಲ. ನಾವಿಬ್ಬರೂ ಟವಲಿನ ಕೆಳಗಿನ ಒತ್ತನ್ನು ತಾಂಬೂಲ ಎಂದು ತಿಳಿದು ವರ್ಷಗಟ್ಟಲೆ ಬದುಕಿದ್ದೆವು.

ಅತ್ತೆ ಸಮಾಧಾನ ಮಾಡಲು ಬಂದು ಬಾಯಿ ಜಾರಿದಳು. "ಗಂಡಿನ ಕಡೆಯೋರು ಒಳ್ಳೆ ಜನ. ನಿನ್ ಮಗ ಮಾಲೂರಲ್ಲಿದ್ದಾಗ್ಲೇ ಬಂದು ನೋಡ್ಕೊಂಡೋದ್ರು."

ಮಾವ ಅವಳನ್ನು ಸುಡುವಂತೆ ನೋಡಿದ. ಹುಡುಗ ಗಣಿಯ ಆಫೀಸಿನಲ್ಲಿ ಗುಮಾಸ್ತ. ತಿಂಗಳಾದರೆ ಸಂಬಳ, ಯುದ್ಧದ ಕಾಲದಲ್ಲೂ ಕೊರತೆಯಿಲ್ಲದ ಅಕ್ಕಿ. ನಾನು ತಗಡಿನ ಶೆಡ್ಡಿನಲ್ಲಿ ಕೂತು ಮರ ಕಿರ್ರ್ ಅನ್ನುವುದನ್ನು ಕೇಳುತ್ತಿದ್ದಾಗ ಈ ಮನೆಯಲ್ಲಿ ಅವರಿಗೆ ಒಬ್ಬಟ್ಟು ಬಡಿಸುತ್ತಿದ್ದರು. ಗಿಟಾರು ಮುರಿದದ್ದು ಬರೀ ನೆಪ. ಮುರಿಯದಿದ್ದರೆ ಇನ್ನೊಂದು ನೆಪ ಸಿಗುತ್ತಿತ್ತು.

ಬಟ್ಟೆ ಗಂಟು ಕಟ್ಟಿಕೊಳ್ಳಲು ಹಿತ್ತಿಲಿಗೆ ಹೋದೆ. ಮಾವನ ಮಗಳು ಪಾತ್ರೆ ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ.

"ನಿಂಗೂ ಗೊತ್ತಿತ್ತಾ?" ಎಂದೆ.

"ಏನು ಗೊತ್ತಿರ್ಬೇಕು ಬಾವ? ಆವತ್ತು ನಾನು ತಮಾಷೆಗೆ ನಕ್ಕೆ, ನಿನ್ ಕೈಯಲ್ಲಿ ಅಪ್ಪ ಏನೊತ್ತಿದ ಅಂತ ನಂಗ್ಯಾರೂ ಹೇಳ್ಲಿಲ್ಲ. ಇಷ್ಟು ವರ್ಷ ಒಂದೇ ಮನೇಲಿದ್ವಿ. ನೀನಾದ್ರೂ ಬಾಯಿಬಿಟ್ಟು ಕೇಳ್ದ್ಯಾ? ಅಪ್ಪನ್ನ ಬೈತೀಯ. ನೀನೂ ಟವಲ್ ಒಳಗೇ ಇದ್ದೆ."

ಬೂದಿಯ ಕೈಯಲ್ಲೇ ಮೂಗು ಒರೆಸಿಕೊಂಡಳು. ಅವಳ ಮೇಲೂ ಸಿಟ್ಟು ಬಂತು. ಈಗಲೂ ಸ್ವಲ್ಪ ಇದೆ.

ಅಮ್ಮನೂ ನಾನೂ ಮುಳಬಾಗಿಲಿಗೆ ನಡೆದೇ ಹೋದೆವು. ದೇವರಾಯಸಮುದ್ರದ ಕೆರೆಯ ಏರಿಯ ಮೇಲೆ ಅಮ್ಮ ಕೂತು ಕಾಲು ಒತ್ತಿಕೊಂಡಳು. "ನಾನೇ ಆವತ್ತು ವೀಳ್ಯದೆಲೆ ತರ್ಬೇಕಾಗಿತ್ತು," ಎಂದಳು. ಆಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಸ್ವಲ್ಪ ದಿನ ಗಾಡಿ ಮಾಡುವ ಬಡಗಿಯ ಹತ್ತಿರ ಕೈಕೆಲಸಕ್ಕೆ ನಿಂತೆ. ಮರವಜ್ರ ಕಾಯಿಸುವುದು, ಬಿರಿದದ್ದನ್ನು ಹಗ್ಗ ಬಿಗಿದು ಕೂರಿಸುವುದು ಅಲ್ಲಿ ಬಂತು. ಆಮೇಲೆ ಧೈರ್ಯ ಮಾಡಿ ದಂಡಿನ ಸಾಹೇಬರ ಮುಂದೆ ನಿಂತೆ. ಅವರು ಮರೆತಿರಲಿಲ್ಲ. "ಒಂದು ಸರಿ ಕಟ್ಟಿದ ಹುಡುಗ ನೀನೇ ಅಲ್ವಾ? ಎಲ್ಲಾ ಹಂಗೇ ಕಟ್ಟಿ ತಾ, ತಗೋತೀನಿ." ಅಷ್ಟರಿಂದ ನನ್ನ ವ್ಯಾಪಾರ ಶುರುವಾಯಿತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದೊಂದು ಗಿಟಾರಿಗೂ ಬೆಲೆಯನ್ನು ಬಾಯಲ್ಲಿ ಹೇಳುತ್ತಿದ್ದೆ, ಬೀದಿಯಲ್ಲಿ ಹೋಗುವವನಿಗೂ ಕೇಳುವ ಹಾಗೆ. ಜನ ನಕ್ಕರು. ನಗಲಿ.

ಅವಳ ಮದುವೆಗೆ ನಾವು ಹೋಗಲಿಲ್ಲ. ಕರೆಯಲು ಬಂದಿದ್ದರು.

ಯುದ್ಧ ಮುಗಿಯಿತು. ಆಮೇಲೆ ಗಣಿಯ ಬಂಗಲೆಗಳಲ್ಲಿ ಮನೆಮನೆಯೇ ಖಾಲಿಯಾಗತೊಡಗಿತು. ದೊರೆಗಳು ಊರಿಗೆ ಹೊರಟರು, ಗಿಟಾರುಗಳು ಅಗ್ಗವಾದವು. ಮಾವ ಗಾಡಿ ತುಂಬ ಕೊಂಡ. ಕೊಂಡದ್ದನ್ನು ದಂಡಿನಲ್ಲಿ ಯಾರೂ ಮುಟ್ಟಲಿಲ್ಲ. ಕೋಲಾರದ ಪೇಟೆಯಿಂದ ಬಂದ ಪೆಟ್ಟಿಗೆ ಎಂದರೆ ಬಿಲ್ಲು ಬಾಣ ಎಂದು ಅಲ್ಲಿ ಹೆಸರು ಬಿದ್ದುಹೋಗಿತ್ತು. ನನ್ನ ಹೆಸರಿನಲ್ಲಿ ಹೋದರೆ ಮಾತ್ರ ಹೋಗುತ್ತಿತ್ತು.

ಒಂದು ದಿನ ಬೆಳಿಗ್ಗೆ ಅವನ ಗಾಡಿ ನಮ್ಮ ಮನೆಯ ಮುಂದೆ ನಿಂತಿತು. ಅಮ್ಮ ಸೊಪ್ಪಿಗೆ ಹೋಗಿದ್ದಳು. ಅವನು ಇಳಿದ. ಕೂದಲು ನೆರೆತಿತ್ತು. ಗಾಡಿಯಲ್ಲಿ ಗಿಟಾರುಗಳು ಸೌದೆಯ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಒಂದಕ್ಕೂ ಹುಲ್ಲಿಲ್ಲ, ಎಲ್ಲದರ ತಂತಿ ಬಿಗಿದೇ ಇತ್ತು.

"ಏನ್ಲಾ, ಚೆನ್ನಾಗಿದ್ದೀಯಾ?"

"ಇದ್ದೀನಿ."

"ಇವನ್ನ ನೋಡು. ಒಂದು ಬೆಲೆ ಮಾಡೋಣ."

ನಾನು ಒಂದೊಂದನ್ನೂ ಎತ್ತಿ ಕತ್ತು ನೋಡಿದೆ. ಅರ್ಧಕ್ಕರ್ಧ ಉಳಿಸಬಹುದಿತ್ತು. ಅವನು ಜಗುಲಿಯ ಮೇಲೆ ಕೂತು ಹೆಗಲಿನ ಟವಲು ತೆಗೆದು ನನ್ನ ಕೈಯ ಮೇಲೆ ಹಾಕಿದ. ಅದೇ ವಾಸನೆ, ಬೆವರು, ಹೊಗೆಸೊಪ್ಪು. ಅವನ ಬೆರಳು ಒಳಗೆ ಬರುವುದರೊಳಗೆ ನಾನು ಟವಲು ತೆಗೆದು ಅವನ ತೊಡೆಯ ಮೇಲೆ ಇಟ್ಟೆ.

"ಬಾಯಲ್ಲಿ ಹೇಳು ಮಾವ."

"ಬೀದಿ ಕಣೋ..."

"ಬೀದಿ ಕೇಳ್ಲಿ. ಬಾಯಲ್ಲಿ ಹೇಳು."

ಎದುರುಮನೆಯವಳು ಕಸ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿದಳು. ಮಾವನ ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಹುಟ್ಟಿದಾಗಿನಿಂದ ಟವಲಿನೊಳಗೆ ಬೆಲೆ ಹೇಳಿದವನು. ಕೊನೆಗೆ ಹೇಳಿದ. ಸಣ್ಣ ದನಿ, ಸಣ್ಣ ಬೆಲೆ. ದೊರೆಸಾನಿಗೆ ಅವನು ಕಟ್ಟಿದ ಬೆಲೆ ನೆನಪಾಯಿತು. ನಾನು ಚೌಕಾಸಿ ಮಾಡಲಿಲ್ಲ. ಅವನು ಕೇಳಿದಷ್ಟನ್ನೂ ಕೈಗಿಟ್ಟೆ.

ಆಮೇಲೆ ಗಿಟಾರುಗಳನ್ನು ಒಳಗಿಟ್ಟು, ಅವನ ಎದುರಿಗೇ ಕೂತು, ಒಂದೊಂದರ ಬಿರಡೆಯನ್ನೂ ತಿರುಗಿಸತೊಡಗಿದೆ. ಬೊಳ್, ಬೊಳ್ ಎಂದು ತಂತಿಗಳು ಇಳಿದವು. ಅವನು ನೋಡುತ್ತಲೇ ಇದ್ದ.

"ಎಲ್ಲಾನೂ ಸಡಿಲ ಮಾಡ್ತೀಯಾ?"

"ಎಲ್ಲಾನೂ."

"ಆವತ್ತೂ ಹಿಂಗೇ ಮಾಡಿದ್ರೆ..." ಎಂದು ನಿಲ್ಲಿಸಿದ. ನಾನು ತಲೆ ಎತ್ತಲಿಲ್ಲ. ಅವಳು ಹೇಗಿದ್ದಾಳೆ ಎಂದು ನಾನು ಕೇಳಲೆಂದು ಅವನು ಕಾಯುತ್ತಿದ್ದ ಅನ್ನಿಸುತ್ತದೆ. ಕೇಳಲಿಲ್ಲ.

ಬಿಸಿಲು ಜಗುಲಿಗೆ ಏರಿತು. ಒಲೆಯ ಮೇಲೆ ಅಮ್ಮ ಇಟ್ಟು ಹೋಗಿದ್ದ ಸಾರು ಕುದಿಯುವ ವಾಸನೆ ಬೀದಿಯವರೆಗೂ ಬರುತ್ತಿತ್ತು. ಮಾವ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ಗಾಡಿ ಹತ್ತುವ ಮುಂಚೆ ಒಂದು ಸಲ ತಿರುಗಿ ನೋಡಿದ.

ಊಟ ಮಾಡಿಕೊಂಡು ಹೋಗು ಎಂದು ನಾನು ಹೇಳಲಿಲ್ಲ.